ಹಿನ್ನೆಲೆ ಮಸುಕಾದ ಕಥೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ಕ್ಯಾಮೆರಾ ಹಿಡಿದವರು ಸಿಗುತ್ತಾರೆ. ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆಗಳು. ಹೊಸದಾಗಿ ಕಲಿಯುವ ಹುಡುಗರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಹಿಂದಿಂದು ಬ್ಲರ್ ಮಾಡೋದು ಹೆಂಗ್ರೀ ಅಣ್ಣಾ?”

ಉತ್ತರ ಕಷ್ಟದ್ದಲ್ಲ. ಲೆನ್ಸಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ದೊಡ್ಡದಾಗಿ ತೆರೆಯಬೇಕು. ಎಫ್ ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ವಸ್ತುವಿಗೆ ನಾವು ಹತ್ತಿರವಿರಬೇಕು, ಇಲ್ಲವೇ ಉದ್ದನೆಯ ಲೆನ್ಸ್ ಬಳಸಬೇಕು. ಹಿನ್ನೆಲೆ ವಸ್ತುವಿನಿಂದ ದೂರವಿರಬೇಕು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್ ಹಾಕಿ 2 ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ, ಎಫ್/1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 17 ಸೆಂಟಿಮೀಟರ್ ಮಾತ್ರ. ಎಫ್/16ಕ್ಕೆ ಇಳಿಸಿದರೆ ಅದೇ ಆಳ ಸುಮಾರು 1.8 ಮೀಟರ್ ಆಗುತ್ತದೆ.

ಕಲಿಯಲು ಒಂದು ಬೆಳಗು ಸಾಕು. ಆದರೆ ಹಿಂದಿರುವುದು ಕಾಣಬಾರದು ಎಂಬ ಈ ಆಸೆ ನಮಗೆ ಬಂದದ್ದು ಯಾವಾಗ?

ಮೊದಲಿಗೆ ಅದು ಆಸೆಯಾಗಿರಲಿಲ್ಲ, ಲೆನ್ಸಿನ ದೋಷವಾಗಿತ್ತು. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲ್ ಮುಖಚಿತ್ರಕ್ಕಾಗಿ ಸುಮಾರು ಎಫ್/3.6ರ ಲೆನ್ಸ್ ರೂಪಿಸಿದ. ಅಲ್ಲಿಯವರೆಗೆ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿದ್ದವರಿಗೆ ಅದರಿಂದ ಬಿಡುಗಡೆ ಸಿಕ್ಕಿತು. ಅವನಿಗೆ ಬೇಕಿದ್ದದ್ದು ಬೆಳಕು. ಜೊತೆಯಲ್ಲಿ ಬಂದದ್ದು ನಡುವೆ ಸ್ಪಷ್ಟ, ಅಂಚಿನಲ್ಲಿ ಸುಳಿಸುಳಿಯಾಗಿ ಕರಗುವ ಚಿತ್ರ.

ನಮ್ಮ ಸೀಮೆಗೆ ಕ್ಯಾಮೆರಾ ಬಂದ ಕಥೆ ಬೇರೆ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಪಾಳು ಗುಡಿಗಳನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಸೆರೆಹಿಡಿದ. ನೆಗೆಟಿವ್ ದೊಡ್ಡದಾದಷ್ಟೂ ಸ್ಪಷ್ಟತೆಯ ಆಳ ಕಡಿಮೆ. ಕಂಬದಿಂದ ಬೆಟ್ಟದವರೆಗೆ ಎಲ್ಲವೂ ಕಾಣಬೇಕೆಂದರೆ ಕಿಂಡಿಯನ್ನು ಕಿರಿದು ಮಾಡಿ ಹೊತ್ತುಗಟ್ಟಲೆ ಕಾಯಬೇಕು. ಅಷ್ಟು ಹೊತ್ತಿನಲ್ಲಿ ನಡೆದಾಡುವ ಮನುಷ್ಯ ಚಿತ್ರದಲ್ಲಿ ಉಳಿಯುವುದಿಲ್ಲ, ಬಂಡೆ ಉಳಿಯುತ್ತದೆ.

ಮಸುಕಿಗೆ ಸಿದ್ಧಾಂತದ ಬಲ ಬಂದದ್ದು 1889ರಲ್ಲಿ. ಇಂಗ್ಲೆಂಡಿನ ಪೀಟರ್ ಹೆನ್ರಿ ಎಮರ್ಸನ್, ಕಣ್ಣು ಒಂದು ಸಲಕ್ಕೆ ಒಂದನ್ನೇ ನಿಚ್ಚಳವಾಗಿ ಕಾಣುತ್ತದೆ, ಆದ್ದರಿಂದ ಚಿತ್ರವೂ ಹಾಗೆಯೇ ಇರಬೇಕು ಎಂದು ವಾದಿಸಿದ. 1932ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಇದಕ್ಕೆ ಎದುರಾಗಿ ತಮ್ಮ ಗುಂಪಿಗೆ ‘ಎಫ್/64’ ಎಂದೇ ಹೆಸರಿಟ್ಟರು. ಅತಿ ಕಿರಿದಾದ ಕಿಂಡಿಯ ಆ ಸಂಖ್ಯೆಯೇ ಅವರ ಬಾವುಟವಾಯಿತು.

ನಮ್ಮ ಊರುಗಳ ಸ್ಟುಡಿಯೋಗಳಿಗೆ ಈ ಜಗಳದ ಗೊಡವೆ ಇರಲಿಲ್ಲ. ಅಲ್ಲಿ ಹಿನ್ನೆಲೆ ಎಂದರೆ ಬಣ್ಣ ಬಳಿದ ಪರದೆ: ಮೆಟ್ಟಿಲು, ಕಂಬ, ಹೂದೋಟ, ಕೆಲವು ಕಡೆ ತಾಜಮಹಲು. ಮಸುಕು ಮಾಡುವ ಬದಲು ಊರನ್ನೇ ಮುಚ್ಚಿಬಿಡುತ್ತಿದ್ದರು. ಜೋಳದ ಹೊಲದಿಂದ ಬಂದವನೂ ಆ ಒಂದು ಗಳಿಗೆ ಅರಮನೆಯ ಮುಂದೆ ನಿಲ್ಲಬಹುದಿತ್ತು. ಅದನ್ನು ಸುಳ್ಳು ಎಂದು ನಗುವುದು ಸುಲಭ. ನನಗೆ ಅದರಲ್ಲಿ ಒಂದು ಮರ್ಯಾದೆಯ ಬೇಡಿಕೆ ಕಾಣುತ್ತದೆ.

ಕೂಡ್ಲಿಗಿಗೆ ಪಕ್ಕದ ಸಂಡೂರಿನ ಎಂ. ವೈ. ಘೋರ್ಪಡೆ ರಾಜಕಾರಣದ ನಡುವೆಯೇ ಕಾಡುಪ್ರಾಣಿಗಳನ್ನು ಉದ್ದನೆಯ ಲೆನ್ಸಿನಲ್ಲಿ ಹಿಡಿದವರು. ಅಂಥ ಲೆನ್ಸಿನಲ್ಲಿ ಕಾಡು ತಾನಾಗಿಯೇ ಹಿಂದೆ ಕರಗುತ್ತದೆ. ಅವರ ‘ಸನ್‌ಲೈಟ್ ಅಂಡ್ ಶಾಡೋಸ್’ ಪುಸ್ತಕ ಬಂದದ್ದು 1983ರಲ್ಲಿ. ಅದೇ ವರ್ಷ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಹಂಪಿಯಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು, ಅವೇ ನೋಟಗಳನ್ನು ಮತ್ತೆ ತೆಗೆದರು. 127 ವರ್ಷಗಳ ನಂತರ ಅದು ಸಾಧ್ಯವಾದದ್ದು ಹಳೆಯ ಚಿತ್ರಗಳಲ್ಲಿ ಗುಡಿಯ ಹಿಂದಿನ ಬಂಡೆಗುಡ್ಡವೂ ಸ್ಪಷ್ಟವಾಗಿದ್ದುದರಿಂದ.

ಜಪಾನಿ ಭಾಷೆಯ ‘ಬೊಕೆ’ ಎಂಬ ಪದ 1997ರಲ್ಲಿ ಇಂಗ್ಲಿಷಿನ ಒಂದು ಪತ್ರಿಕೆಯಿಂದ ಜಗತ್ತಿಗೆಲ್ಲ ಹರಡಿತು. 2016ರಲ್ಲಿ ಐಫೋನ್ 7 ಪ್ಲಸ್ ಲೆಕ್ಕಾಚಾರದಿಂದಲೇ ಮಸುಕು ತಯಾರಿಸತೊಡಗಿತು. ಈಗ ಅದಕ್ಕೆ ಒಂದು ಬೆರಳು ಸಾಕು.

ನನ್ನ ಆತಂಕ ಇಲ್ಲಿದೆ. ಕೊಟ್ಟೂರಿನ ತೇರಿನ ಮುಂದೆ ನಿಂತ ಅಜ್ಜಿಯ ಮುಖ ನಿಚ್ಚಳವಾಗಿ, ತೇರು ಬರೀ ಬಣ್ಣದ ಕಲೆಯಾದರೆ, ಮೊಮ್ಮಕ್ಕಳಿಗೆ ಅದು ಯಾವ ಊರೆಂದು ಹೇಗೆ ತಿಳಿಯಬೇಕು? ನಕ್ಷೆಯನ್ನೂ ನೆಚ್ಚುವಂತಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಉಚ್ಚಂಗಿದುರ್ಗದ ಬೆಟ್ಟ ಮಾತ್ರ ಇದ್ದಲ್ಲೇ ಇದೆ. ಚಿತ್ರದಲ್ಲಿ ಅದು ಕಂಡರೆ ಊರು ಕಂಡಂತೆ.

ಅಂಕಸಮುದ್ರ 2024ರಲ್ಲಿ ರಾಮ್ಸಾರ್ ತಾಣವಾಯಿತು. ಶತಮಾನಗಳ ಹಿಂದೆ ಜನ ನೀರಾವರಿಗೆ ಕಟ್ಟಿದ ಕೆರೆ ಅದು. ಹಸಿರು ಮಸುಕಿನ ಮುಂದೆ ಕೂತ ಕೊಕ್ಕರೆ ಚೆಂದವೇ. ಆದರೆ ಅದು ಎಲ್ಲಿಯದೂ ಆಗಬಹುದು. ಜಾಲಿಮರ, ನೀರು, ಏರಿ ಕಂಡರೆ ಮಾತ್ರ ಅದು ಈ ಕೆರೆಯ ಕೊಕ್ಕರೆ. ಮುಂದೆಂದಾದರೂ ಕೆರೆ ಬತ್ತಿದರೆ ಆ ಚಿತ್ರವೇ ಸಾಕ್ಷಿ.

ಅದಕ್ಕೇ ಕೇಳಿದ ಹುಡುಗರಿಗೆ ನಾನು ಹೇಳುವುದು ಇಷ್ಟು: ಕಿಂಡಿ ತೆರೆದು ಒಂದು ತೆಗಿ, ಖುಷಿಪಡು. ಆಮೇಲೆ ಎಫ್/11ಕ್ಕೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಂದು ತೆಗಿ. ಮೊದಲನೆಯದು ನಿನಗೆ, ಎರಡನೆಯದು ಊರಿಗೆ.