ಲಾ ಸ್ಕೂಲ್ ಪ್ರವೇಶ: ಟಿ. ದಾಸರಹಳ್ಳಿಯ ವಿದ್ಯಾರ್ಥಿಗಳಿಗೆ ಮಾಹಿತಿ

ಟಿ. ದಾಸರಹಳ್ಳಿಯಿಂದ ಗೊರಗುಂಟೆಪಾಳ್ಯಕ್ಕೆ ಬಂದು ಹೊರ ವರ್ತುಲ ರಸ್ತೆ ಹಿಡಿದರೆ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ದೂರವೇನಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೂ ಪಿ.ಯು.ಸಿ. ನಂತರ ಅಲ್ಲಿನ ಐದು ವರ್ಷಗಳ ಕಾನೂನು ಪದವಿಗೆ ಪ್ರಯತ್ನಿಸಬಹುದು. ಅದಕ್ಕೆ ಬರೆಯಬೇಕಾದದ್ದು ಕ್ಲಾಟ್ ಪರೀಕ್ಷೆ. 2008ರಲ್ಲಿ ಆರಂಭವಾದ ಈ ಒಂದೇ ಪರೀಕ್ಷೆಯಿಂದ ದೇಶದ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ದೊರೆಯುತ್ತದೆ.

ಪೋಷಕರು ಮುಖ್ಯವಾಗಿ ಗಮನಿಸಬೇಕಾದದ್ದು ಸಮಯ. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರಿನಲ್ಲೇ ನಡೆಯುತ್ತಿದ್ದು, ಅರ್ಜಿ ಅದಕ್ಕೂ ಕೆಲವು ತಿಂಗಳು ಮೊದಲೇ ಆರಂಭವಾಗುತ್ತದೆ. ದ್ವಿತೀಯ ಪಿ.ಯು.ಸಿ. ಫಲಿತಾಂಶ ಬರಲಿ ಎಂದು ಕಾದು ಕುಳಿತರೆ ಒಂದು ವರ್ಷ ಹೋದಂತೆಯೇ. ಓದುತ್ತಿರುವಾಗಲೇ ಅರ್ಜಿ ಹಾಕಬಹುದು. ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40 ಅಂಕ ಬೇಕು. ವಯಸ್ಸಿನ ಗರಿಷ್ಠ ಮಿತಿ ಇಲ್ಲ. 2026ನೇ ಸಾಲಿಗೆ ಅರ್ಜಿ ಶುಲ್ಕ ರೂ. 4000, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ ರೂ. 3500 ಇತ್ತು. ದಿನಗೂಲಿಯ ಮನೆಗೆ ಇದು ಸಣ್ಣ ಮೊತ್ತವಲ್ಲ.

ಎರಡು ಗಂಟೆಯಲ್ಲಿ 120 ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಕಾನೂನನ್ನು ಮೊದಲೇ ಓದಿರಬೇಕಿಲ್ಲ, ಕೊಟ್ಟ ಗದ್ಯಭಾಗ ಓದಿ ಅದರಲ್ಲಿರುವ ತತ್ವವನ್ನು ಅನ್ವಯಿಸಿದರೆ ಸಾಕು. ಗಣಿತದ ಪಾಲು ಶೇ. 10ರಷ್ಟು ಮಾತ್ರ, ಅದೂ ಹತ್ತನೇ ತರಗತಿಯ ಮಟ್ಟದ್ದು. ನಿಜವಾದ ಅಡ್ಡಿ ಭಾಷೆ: ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದವರು ಪ್ರಥಮ ಪಿ.ಯು.ಸಿ.ಯಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದುವ ಅಭ್ಯಾಸ ಇಟ್ಟುಕೊಳ್ಳುವುದು ದುಬಾರಿ ಕೋಚಿಂಗ್‌ಗಿಂತ ಮೇಲು. ಬಡ ವಿದ್ಯಾರ್ಥಿಗಳಿಗೆ ತರಬೇತಿ ನೀಡುವ ‘ಇಡಿಯಾ’ ಎಂಬ ಸಂಸ್ಥೆಯೂ ಇದೆ. ಇದೇ ಲಾ ಸ್ಕೂಲಿನ ಹಳೆಯ ವಿದ್ಯಾರ್ಥಿ ದಿ. ಶಮ್ನಾದ್ ಬಶೀರ್ 2010ರಲ್ಲಿ ಇದನ್ನು ಆರಂಭಿಸಿದರು.

ರಾಜ್ಯದ ಮಕ್ಕಳಿಗೊಂದು ಅನುಕೂಲವಿದೆ. ಶೇ. 25 ಮೀಸಲಾತಿಗಾಗಿ ಸರ್ಕಾರ 2020ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ ಅದೇ ವರ್ಷ ರದ್ದುಪಡಿಸಿತಾದರೂ, ನಂತರ ಸಂಸ್ಥೆಯೇ ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ. 25 ಸ್ಥಾನ ಇರಿಸಿತು. ಕುಂದಾಪುರದಲ್ಲಿ ಓದಿದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಕಾಸರಗೋಡಿನ ಕನ್ನಡ ಶಾಲೆ ಮಾತ್ರ ಕೇರಳಕ್ಕೆ ಸೇರಿದ್ದು. ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಪಡೆದಿಟ್ಟುಕೊಳ್ಳಿರಿ. ಅದಕ್ಕಾಗಿ ಕೊನೆಯ ವಾರದಲ್ಲಿ ಊರಿಗೆ ಬಸ್ಸು ಹತ್ತುವಂತಾಗಬಾರದು.

ಕ್ಲಾಟ್ ಕೈಹಿಡಿಯದಿದ್ದರೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಿವೆ. ಮಂಗಳೂರಿನ ಎಸ್.ಡಿ.ಎಂ., ಉಡುಪಿಯ ವೈಕುಂಠ ಬಾಳಿಗಾ ಕಾಲೇಜುಗಳೂ ಇದಕ್ಕೇ ಸೇರಿವೆ. ಇಲ್ಲಿಗೆ ಕ್ಲಾಟ್ ಬೇಕಿಲ್ಲ.