ವಂಶವೃಕ್ಷದ ಎರಡು ಪಾಠಶಾಲೆಗಳು

ವಂಶವೃಕ್ಷವೆಂಬುದು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಶಾಸನಗಳಲ್ಲಿ ಅದು ಅರಸರ ಕೀರ್ತಿಗೆ ಒದಗಿತು. ಕಚೇರಿಗಳಲ್ಲಿ ಜಮೀನಿನ ವಾರಸುದಾರಿಕೆಗೆ ಇಂದಿಗೂ ಬೇಕಾಗುತ್ತದೆ. ಆದರೆ ಮನೆತನದ ರೋಗಗಳ ಜಾಡು ಹಿಡಿಯುವುದಕ್ಕಾಗಿ ವಂಶವೃಕ್ಷ ಬರೆಯಲು ಪದವೀಧರರನ್ನು ಅಣಿಗೊಳಿಸುವುದು ಇಪ್ಪತ್ತನೆಯ ಶತಮಾನದ ಸಂಗತಿ. ಅಮೆರಿಕೆಯ ನ್ಯೂಯಾರ್ಕ್ ರಾಜ್ಯವೊಂದರಲ್ಲೇ ಇಂಥ ಎರಡು ಪಾಠಶಾಲೆಗಳು ಸುಮಾರು ಅರುವತ್ತು ವರ್ಷಗಳ ಅಂತರದಲ್ಲಿ ಹುಟ್ಟಿದವು. ಎರಡರಲ್ಲಿಯೂ ಕಲಿತವರು ಬಹುಮಟ್ಟಿಗೆ ಸ್ತ್ರೀಯರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತವೆಂಬ ನಕ್ಷೆಯೇ ಎರಡರ ಉಪಕರಣ. ಫಲ ಮಾತ್ರ ತೀರ ಭಿನ್ನ.

ಮೊದಲನೆಯದು 1910ರಲ್ಲಿ ಚಾರ್ಲ್ಸ್ ಡ್ಯಾವೆನ್‌ಪೋರ್ಟ್ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲಿ ಸ್ಥಾಪಿಸಿದ ಯುಜೆನಿಕ್ಸ್ ದಾಖಲೆ ಕಚೇರಿ. 1883ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಹೆಸರಿಟ್ಟ ಯುಜೆನಿಕ್ಸನ್ನು ಸುಸಂತಾನಶಾಸ್ತ್ರವೆನ್ನಬಹುದು. ಈ ಕಚೇರಿ ಬೇಸಗೆಯ ತರಗತಿಗಳಲ್ಲಿ ಕ್ಷೇತ್ರಕಾರ್ಯಕರ್ತರನ್ನು ತಯಾರಿಸಿತು. ಅವರು ಹುಚ್ಚಾಸ್ಪತ್ರೆಗಳಿಗೂ ಬಡವರ ಮನೆಗಳಿಗೂ ಹೋಗಿ, ನೆರೆಹೊರೆಯವರ ಮಾತನ್ನೂ ಪ್ರಮಾಣವಾಗಿ ತೆಗೆದುಕೊಂಡು, ಮಂದಬುದ್ಧಿ, ಕುಡುಕತನ, ದಾರಿದ್ರ್ಯಗಳನ್ನು ರಕ್ತದ ಗುಣಗಳೆಂಬಂತೆ ದಾಖಲಿಸಿದರು. ಪ್ರಶ್ನೆ ಆ ಕುಟುಂಬದ್ದಾಗಿರಲಿಲ್ಲ. ಉತ್ತರವೂ ಅದಕ್ಕೆ ಸಲ್ಲಲಿಲ್ಲ, ಸರಕಾರಕ್ಕೆ ಸಂದಿತು. ವರ್ಜೀನಿಯದ ಕ್ಯಾರಿ ಬಕ್ ಎಂಬ ತರುಣಿಯನ್ನು ಕಣ್ಣಾರೆ ಕಾಣದೆಯೇ ಕಚೇರಿಯ ಅಧಿಕಾರಿ ಹ್ಯಾರಿ ಲಾಫ್ಲಿನ್ ಆಕೆಯನ್ನು ಮಂದಬುದ್ಧಿಯವಳೆಂದು ಲಿಖಿತ ಸಾಕ್ಷ್ಯವಿತ್ತನು. 1927ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಕೆಯ ಬಲವಂತದ ಸಂತಾನಹರಣಕ್ಕೆ ಒಪ್ಪಿಗೆ ನೀಡಿತು. ಇಂಥ ಕಾನೂನುಗಳಿಗೆ ಅಮೆರಿಕೆಯಲ್ಲಿ 60,000ಕ್ಕೂ ಹೆಚ್ಚು ಜನ ತುತ್ತಾದರು. ಕಚೇರಿ 1939ರಲ್ಲಿ ಮುಚ್ಚಿತು.

ಎರಡನೆಯ ಪಾಠಶಾಲೆಯ ದಾರಿ ಮಿನೆಸೋಟದ ಮೂಲಕ ಹಾಯ್ದಿತು. ಸುಸಂತಾನಶಾಸ್ತ್ರದ ಕಟ್ಟಾ ಪ್ರತಿಪಾದಕನಾಗಿದ್ದ ವೈದ್ಯ ಚಾರ್ಲ್ಸ್ ಡೈಟ್ ತನ್ನ ಆಸ್ತಿಯನ್ನು ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಹೋದನು. ಆ ಹಣದಿಂದ 1941ರಲ್ಲಿ ಹುಟ್ಟಿದ ಸಂಸ್ಥೆಗೆ 1947ರಲ್ಲಿ ಬಂದ ಶೆಲ್ಡನ್ ರೀಡ್, ದಾನಿಯ ಗುರಿಯನ್ನು ಮೌನವಾಗಿ ಮಗ್ಗುಲು ತಿರುಗಿಸಿದನು. ತಾನಾಗಿ ಕೇಳಬಂದ ಕುಟುಂಬಕ್ಕೆ ತಿಳಿವಳಿಕೆ ನೀಡಿ ನಿರ್ಧಾರವನ್ನು ಅದಕ್ಕೇ ಬಿಡುವ ಕಾರ್ಯಕ್ಕೆ ‘ಜೆನೆಟಿಕ್ ಕೌನ್ಸೆಲಿಂಗ್’ ಎಂಬ ಹೆಸರನ್ನು ಬಳಕೆಗೆ ತಂದವನು ಈತನೇ.

ತರುವಾಯ ವಿಜ್ಞಾನ ವೇಗವಾಗಿ ಬೆಳೆಯಿತು. ಮನುಷ್ಯನ ವರ್ಣತಂತುಗಳು 46 ಎಂಬುದು 1956ರಲ್ಲಿ ಪ್ರಕಟವಾಯಿತು. ಡೌನ್ ಲಕ್ಷಣಕೂಟಕ್ಕೆ ಹೆಚ್ಚುವರಿ ವರ್ಣತಂತುವೊಂದು ಕಾರಣವೆಂಬುದು 1959ರಲ್ಲಿ ಗೊತ್ತಾಯಿತು. ಗರ್ಭಜಲದ ಕಣಗಳನ್ನು ಬೆಳೆಸಿ ಪರೀಕ್ಷಿಸಬಹುದೆಂದು 1966ರಲ್ಲಿ ಸಿದ್ಧವಾದ ಮೇಲೆ ಕೇಳಬರುವವರ ಸಂಖ್ಯೆ ಏರಿತು. ವಿವರಿಸಿ ಹೇಳಲು ವೈದ್ಯರಿಗೆ ಬಿಡುವಿರಲಿಲ್ಲ.

ಈ ಕೊರತೆಯನ್ನು ಮನಗಂಡವಳು ಬ್ರಾಂಕ್ಸ್‌ವಿಲ್ಲಿನ ಸಾರಾ ಲಾರೆನ್ಸ್ ಕಾಲೇಜಿನ ಮೆಲಿಸ್ಸಾ ರಿಕ್ಟರ್. ಸಂಸಾರದ ನಿಮಿತ್ತ ಓದು ಬಿಟ್ಟ ಸ್ತ್ರೀಯರನ್ನು ಮತ್ತೆ ವಿದ್ಯೆಗೆ ಕರೆತರುವುದು ಆಕೆಯ ಹೊಣೆಯಾಗಿತ್ತು. 1969ರಲ್ಲಿ ಆಕೆ ಆರಂಭಿಸಿದ ಸ್ನಾತಕೋತ್ತರ ತರಗತಿಯ ಮೊದಲ ತಂಡ 1971ರಲ್ಲಿ ಹೊರಬಂದಿತು. ವೈದ್ಯರಲ್ಲದವರಿಗೆ ಈ ಕೆಲಸವೇಕೆಂದು ಶಂಕಿಸಿದ ವೈದ್ಯರಿದ್ದರು. ಮುಂದೆ 1998ರವರೆಗೆ ತರಗತಿಯನ್ನು ನಡೆಸಿದ ಜೋನ್ ಮಾರ್ಕ್ಸ್ ಮನೋರೋಗಕ್ಷೇತ್ರದ ಸಮಾಜಕಾರ್ಯದಿಂದ ಬಂದವಳು. ಆಸ್ಪತ್ರೆಯ ಅನುಭವದ ಜತೆಗೆ, ದುಃಖಿಗಳ ಮಾತನ್ನು ಆಲಿಸುವ ವಿದ್ಯೆಯೂ ಪಠ್ಯದ ಅಂಗವಾಯಿತು.

ಲೆಕ್ಕ ಕಲಿಸುವುದು ಸುಲಭ. ತಂದೆತಾಯಿಗಳಿಬ್ಬರೂ ಒಂದೇ ಸುಪ್ತ ದೋಷದ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಆದರೆ ‘ಒಂದು ಮಗುವಿಗೆ ಬಂದುಹೋಯಿತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದು ನಂಬಿ ಕುಳಿತ ತಾಯಿಗೆ, ಆ ನಂಬಿಕೆ ತಪ್ಪೆಂದು ಆಕೆಯನ್ನು ನೋಯಿಸದೆ ತಿಳಿಸುವುದೇ ಕಠಿಣ. ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಆಕೆ ಕೇಳಿದಾಗ ತೀರ್ಪು ಕೊಡದಿರುವುದು ಇನ್ನೂ ಕಠಿಣ. ಮೊದಲ ಪಾಠಶಾಲೆ ಕಲಿಸದೆ ಬಿಟ್ಟದ್ದು ಈ ಸಂಯಮವನ್ನೇ.

ಸಂಯಮಕ್ಕೂ ಮಿತಿಯುಂಟು. ಪರೀಕ್ಷೆಯನ್ನು ಮುಂದಿಡುವುದೇ ಅರೆ ಸೂಚನೆಯೆಂಬ ಆಕ್ಷೇಪ ನಿರಾಧಾರವಲ್ಲ. ಭಾರತದಲ್ಲಿ ಸಮಸ್ಯೆ ಇನ್ನೂ ತೊಡಕಿನದು. ಹೆಣ್ಣುಭ್ರೂಣಹತ್ಯೆಯ ಭೀತಿಯಿಂದ ರೂಪುಗೊಂಡ 1994ರ ಕಾಯಿದೆ ಆನುವಂಶಿಕ ಸಮಾಲೋಚನಾ ಕೇಂದ್ರಗಳ ನೋಂದಣಿಯನ್ನು ಕಡ್ಡಾಯಗೊಳಿಸಿ, ಭ್ರೂಣದ ಲಿಂಗವನ್ನು ತಿಳಿಸುವುದನ್ನು ಅಪರಾಧವೆಂದಿತು. ಇಲ್ಲಿ ಹೇಳದಿರುವುದೂ ಧರ್ಮವಾಯಿತು. ಕರ್ನಾಟಕದಲ್ಲಿ ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿಯುಂಟು. ರಕ್ತಸಂಬಂಧದ ಮದುವೆಯಲ್ಲಿ ಸುಪ್ತ ದೋಷಗಳು ಕೂಡುವ ಸಂಭವ ಹೆಚ್ಚು. ನಿರ್ಧಾರವಾದರೋ ದಂಪತಿಗಳದ್ದಷ್ಟೇ ಅಲ್ಲ, ಮನೆಯ ಹಿರಿಯರೆಲ್ಲರದು. ಅಮೆರಿಕೆಯ ಪಠ್ಯವನ್ನು ಇದ್ದಂತೆಯೇ ತಂದರೆ ಸಾಲದು.

ಈ ವಿದ್ಯೆಗೆ ಕನ್ನಡದಲ್ಲಿ ಯಾವ ಹೆಸರು ತಕ್ಕುದೆಂಬುದೂ ವಿಚಾರಾರ್ಹ. ‘ಸಲಹೆ’ಯಲ್ಲಿ ಹೇಳುವವನು ಮೇಲೆ, ಕೇಳುವವನು ಕೆಳಗೆ. ‘ಸಮಾಲೋಚನೆ’ಯಲ್ಲಿ ಇಬ್ಬರೂ ಕೂಡಿ ಆಲೋಚಿಸುತ್ತಾರೆ. ಎರಡು ಪಾಠಶಾಲೆಗಳ ನಡುವಣ ಅಂತರವೆಲ್ಲ ಈ ಎರಡು ಮಾತುಗಳ ಅಂತರದಲ್ಲಿದೆ.