ಬಾರದೇ ಹೋದ ರೀಕಾಲ್ ಪತ್ರ

ಗಾಡಿ ಕಂಪನಿಯಿಂದ ಒಂದು ಮೆಸೇಜು ಬರುತ್ತೆ: ನಿಮ್ಮ ವಾಹನದ ಒಂದು ಬಿಡಿಭಾಗ ಪರೀಕ್ಷಿಸಬೇಕಿದೆ, ಸರ್ವೀಸ್ ಸೆಂಟರಿಗೆ ತನ್ನಿ, ಖರ್ಚು ನಮ್ಮದು. ಓದಿದ ಕೂಡಲೇ "ಥೂ, ಈ ಕಂಪನಿ ಗಾಡಿ ತಗೊಳ್ಳಲೇಬಾರದಿತ್ತು" ಅಂತ ಗೊಣಗುವವರೇ ಜಾಸ್ತಿ. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೆರಡು ದಿನ ಜೋಕು ಓಡಾಡುತ್ತೆ. ಆದರೆ ರೀಕಾಲ್‌ಗಳ ಇತಿಹಾಸ ಸ್ವಲ್ಪ ಓದಿಕೊಂಡವರಿಗೆ ಆ ಮೆಸೇಜು ಕಂಡರೆ ಸಮಾಧಾನವೇ ಆಗಬೇಕು. ಭಯ ಹುಟ್ಟಿಸೋದು ಬರಬೇಕಾಗಿದ್ದೂ ಬಾರದೇ ಹೋದ ಪತ್ರಗಳು.

ಅಂಥ ಪತ್ರಗಳಲ್ಲಿ ಬಹುಶಃ ಅತಿ ದೊಡ್ಡದು ಅಮೆರಿಕದ್ದು. ಅದರ ಕಥೆಯಲ್ಲಿ ಜನರಲ್ ಮೋಟರ್ಸ್ ಇದೆ, ಒಂದು ಟೀವಿ ಚಾನೆಲ್ ಇದೆ, ಸರ್ಕಾರದ ಒಬ್ಬ ಮಂತ್ರಿ ಇದ್ದಾನೆ. ಕೊನೆಗೆ ಗೆದ್ದದ್ದು ಮಾತ್ರ ಕ್ಯಾಲೆಂಡರ್.

ಗಾಡಿಯಿಂದಲೇ ಶುರು ಮಾಡೋಣ. 1973ರಲ್ಲಿ ಜಿಎಂ ಕಂಪನಿ ಷೆವರ್ಲೆ ಮತ್ತು ಜಿಎಂಸಿ ಹೆಸರಿನಲ್ಲಿ ಹೊಸ ಸರಣಿಯ ಪಿಕಪ್‌ಗಳನ್ನು ತಂದಿತು. ಕಂಪನಿಯ ಲೆಕ್ಕದಲ್ಲಿ ಇವು ಸಿ ಮತ್ತು ಕೆ ಸರಣಿ: ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಇದ್ದರೆ ಸಿ, ನಾಲ್ಕಕ್ಕೂ ಇದ್ದರೆ ಕೆ. ಅರ್ಧ ಟನ್ನಿನಿಂದ ಒಂದು ಟನ್ನಿನವರೆಗೆ ಮೂರು ದರ್ಜೆ. ರೈತರು, ಕಂಟ್ರಾಕ್ಟರುಗಳು, ಟ್ರೇಲರ್ ಎಳೆಯುವವರು ಒಂದು ಟನ್ನಿನ ಹೆವಿ ಡ್ಯೂಟಿ ಗಾಡಿಗಳನ್ನು ಕೊಳ್ಳುತ್ತಿದ್ದರು. ಮನೆಗೊಂದು ಗಾಡಿ ಸಾಕು ಅನ್ನುವವರು ಅರ್ಧ ಟನ್ನಿನದನ್ನು. 1987ರವರೆಗೆ ಸುಮಾರು ಒಂದು ಕೋಟಿ ಗಾಡಿಗಳು ಮಾರಾಟವಾದವು.

ಅದಕ್ಕೂ ಹಿಂದಿನ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೇ ಇತ್ತು. ಡ್ರೈವರ್ ಸೀಟಿನ ಬೆನ್ನಿಗೇ! ಅದನ್ನು ಹೊರಗೆ ಹಾಕಿದ್ದು ಒಳ್ಳೆಯದೇ ಆಯಿತು ಅಂತ ಯಾರಾದರೂ ಹೇಳುತ್ತಾರೆ. ಪ್ರಶ್ನೆ ಇದ್ದದ್ದು ಹೊರಗೆ ಎಲ್ಲಿ ಇಟ್ಟರು ಅನ್ನೋದರಲ್ಲಿ. ಇಂಥ ಗಾಡಿಯ ಚಾಸಿ ಅಂದರೆ ಏಣಿಯ ಹಾಗೆ ಮಲಗಿಸಿದ ಎರಡು ಉದ್ದನೆಯ ಉಕ್ಕಿನ ಹಳಿಗಳು, ನಡುವೆ ಅಡ್ಡಪಟ್ಟಿಗಳು. ಟ್ಯಾಂಕನ್ನು ಹಳಿಗಳ ಒಳಗಿಟ್ಟರೆ ಪಕ್ಕದಿಂದ ಯಾರಾದರೂ ಗುದ್ದಿದಾಗ ಮೊದಲ ಏಟು ಉಕ್ಕಿಗೆ. ಜಿಎಂ ಟ್ಯಾಂಕುಗಳನ್ನು ಹಳಿಯ ಹೊರಗೆ, ಗಾಡಿಯ ಪಕ್ಕೆಗೆ ತೂಗುಹಾಕಿತು. ಕುದುರೆಯ ಎರಡೂ ಮಗ್ಗುಲಿಗೆ ಇಳಿಬಿಟ್ಟ ಚೀಲಗಳ ಹಾಗೆ. ಹಾಗಾಗಿಯೇ ಇದಕ್ಕೆ 'ಸೈಡ್ ಸ್ಯಾಡಲ್' ಟ್ಯಾಂಕು ಅಂತ ಹೆಸರು ಬಿತ್ತು. ಒಂದೊಂದೂ 20 ಗ್ಯಾಲನ್‌ವರೆಗೆ. ಎರಡೂ ಹಾಕಿಸಿಕೊಂಡರೆ 40 ಗ್ಯಾಲನ್‌ವರೆಗೆ, ಅಂದರೆ ಸುಮಾರು 150 ಲೀಟರ್. ದೂರದ ಊರುಗಳಿಗೆ ಓಡಾಡುವವರಿಗೆ ಇದು ದೊಡ್ಡ ಆಕರ್ಷಣೆ. ಆದರೆ ಅಷ್ಟೂ ಪೆಟ್ರೋಲಿಗೂ ಪಕ್ಕದ ಗಾಡಿಯ ಬಂಪರಿಗೂ ನಡುವೆ ಇದ್ದದ್ದು ತೆಳು ತಗಡು.

ನಮ್ಮ ಹೈವೇಗಳಲ್ಲಿ ಓಡಾಡುವ ಲಾರಿಗಳಿಗೂ ಟ್ಯಾಂಕು ಪಕ್ಕದಲ್ಲೇ ಇರುತ್ತಲ್ಲ ಅಂತ ನೀವು ಕೇಳಬಹುದು. ಇರುತ್ತೆ. ಆದರೆ ಅದರೊಳಗಿರೋದು ಡೀಸೆಲ್. ಚೆಲ್ಲಿದ ಡೀಸೆಲ್ ಒಂದು ಕಿಡಿಗೆ ಸುಲಭವಾಗಿ ಹೊತ್ತಿಕೊಳ್ಳೋದಿಲ್ಲ. ಪೆಟ್ರೋಲಿಗೆ ಆ ತಾಳ್ಮೆ ಇಲ್ಲ.

ಅದೇ 1973ರಲ್ಲಿ ಜಿಎಂನ ಎಡ್ವರ್ಡ್ ಐವಿ ಎಂಬ ಇಂಜಿನಿಯರ್ ಒಂದು ಟಿಪ್ಪಣಿ ಬರೆದ. ಪಿಕಪ್ ಬಗ್ಗೆ ಅಲ್ಲ, ಒಟ್ಟಾರೆ ಕಂಪನಿಯ ಕಾರುಗಳಲ್ಲಿ ಇಂಧನದ ಬೆಂಕಿಯಿಂದ ಆಗುವ ಸಾವುಗಳ ಬಗ್ಗೆ. ವರ್ಷಕ್ಕೆ ಹೆಚ್ಚೆಂದರೆ 500 ಸಾವು, ಒಂದು ಜೀವಕ್ಕೆ 2 ಲಕ್ಷ ಡಾಲರ್, ರಸ್ತೆಯಲ್ಲಿರುವ ಕಂಪನಿಯ ಗಾಡಿಗಳು 4.1 ಕೋಟಿ. ಗುಣಿಸಿ ಭಾಗಿಸಿದರೆ ಗಾಡಿಯೊಂದಕ್ಕೆ 2 ಡಾಲರ್ 40 ಸೆಂಟ್. ಎಕ್ಸೆಲ್ ಶೀಟಿನ ಜೊತೆ ಬದುಕುವ ನಮಗೆ ಈ ಲೆಕ್ಕದ ರೂಪ ಅಪರಿಚಿತವಲ್ಲ. ಜೀವಕ್ಕೆ ಬೆಲೆ ಕಟ್ಟೋದು ಸುಲಭ ಅಲ್ಲ ಅಂತ ಐವಿ ಅದೇ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದ. ಮುಂದೆ ಅದು ಕೋರ್ಟುಗಳಿಗೆ ಬಂದಾಗ, ಇದು ಒಬ್ಬ ಉದ್ಯೋಗಿಯ ಲೆಕ್ಕ, ಕಂಪನಿಯ ನೀತಿಯಲ್ಲ ಅಂತ ಜಿಎಂ ವಾದಿಸಿತು.

ಇನ್ನು ಕಾನೂನಿನ ಕಡೆ. ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾಯ್ದೆ ಬಂದದ್ದು 1966ರಲ್ಲಿ, ರಾಲ್ಫ್ ನೇಡರ್ ಕಾರು ಕಂಪನಿಗಳ ಮೇಲೆ ಪುಸ್ತಕ ಬರೆದ ಮರುವರ್ಷ. ಶುರುವಿನಲ್ಲಿ ದೋಷ ಇದೆ ಅಂತ ತಿಳಿಸೋದಷ್ಟೇ ಕಂಪನಿಯ ಕೆಲಸವಾಗಿತ್ತು. ಪುಕ್ಕಟೆ ರಿಪೇರಿ ಕಡ್ಡಾಯವಾದದ್ದು 1974ರ ತಿದ್ದುಪಡಿಯಲ್ಲಿ. ಅದರಲ್ಲೊಂದು ಸಾಲಿತ್ತು: ಈ ಪುಕ್ಕಟೆ ರಿಪೇರಿಯ ಹಕ್ಕು ಗಾಡಿ ಕೊಂಡು ಎಂಟು ವರ್ಷ ಆಗುವವರೆಗೆ ಮಾತ್ರ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸರ್ಕಾರ ಇನ್ನೊಂದು ನಿಯಮವನ್ನೂ ಮಾಡಿತ್ತು. ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ವೇಗದಲ್ಲಿ ಪಕ್ಕದಿಂದ ಗುದ್ದಿದರೆ ಟ್ಯಾಂಕಿನಿಂದ ಇಂಧನ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಸೋರಬಾರದು. ಜಿಎಂ ಪಿಕಪ್‌ಗಳು ಈ ಪರೀಕ್ಷೆ ಪಾಸಾಗಿದ್ದವು. ಹಳ್ಳಿ ರಸ್ತೆಯ ಕೂಡುದಾರಿಯಲ್ಲಿ ಯಾರೂ 32 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದುವುದಿಲ್ಲ ಅನ್ನೋದು ಬೇರೆ ಮಾತು. ಜಿಎಂ 1988ರ ಹೊಸ ಮಾದರಿಯಲ್ಲಿ ಟ್ಯಾಂಕನ್ನು ಹಳಿಗಳ ಒಳಗೆ ತಂದುಬಿಟ್ಟಿತು. ಹೊಸದಾಗಿ ಕೊಳ್ಳುವವರಲ್ಲಿ ಬಹುಪಾಲು ಜನರಿಗೆ ತೊಂದರೆ ತಪ್ಪಿತು. ಹಳೆಯದನ್ನು ಓಡಿಸುತ್ತಿದ್ದವರಿಗೆ ಯಾರೂ ಏನೂ ಹೇಳಲಿಲ್ಲ.

1992ರ ಆಗಸ್ಟಿನಲ್ಲಿ ಗ್ರಾಹಕರ ಪರ ಕೆಲಸ ಮಾಡುವ ಎರಡು ಸಂಸ್ಥೆಗಳು ರೀಕಾಲ್ ಮಾಡಿಸಿ ಅಂತ ಸುರಕ್ಷತಾ ಇಲಾಖೆಗೆ ಅರ್ಜಿ ಹಾಕಿದವು. ಒಂದು ಸೆಂಟರ್ ಫಾರ್ ಆಟೋ ಸೇಫ್ಟಿ, ಇನ್ನೊಂದು ಪಬ್ಲಿಕ್ ಸಿಟಿಜನ್. ಸುದ್ದಿ ದೊಡ್ಡದಾಯಿತು. ನವೆಂಬರ್ 17ರಂದು ಎನ್‌ಬಿಸಿ ಚಾನೆಲ್ಲಿನ 'ಡೇಟ್‌ಲೈನ್' ಕಾರ್ಯಕ್ರಮ ಈ ಪಿಕಪ್‌ಗಳ ಬಗ್ಗೆ ವರದಿ ಮಾಡಿತು. ಅದರಲ್ಲಿ ಒಂದು ಕಾರು ಪಿಕಪ್ಪಿನ ಪಕ್ಕೆಗೆ ಬಂದು ಗುದ್ದುತ್ತೆ, ಭಗ್ ಅಂತ ಬೆಂಕಿ ಏಳುತ್ತೆ. ದೇಶವೆಲ್ಲ ನೋಡಿತು.

1993ರ ಫೆಬ್ರವರಿ 4ರಂದು ಜಾರ್ಜಿಯಾ ರಾಜ್ಯದಲ್ಲಿ ಒಂದು ತೀರ್ಪು ಬಂತು. ಕುಡಿದು ಓಡಿಸುತ್ತಿದ್ದವನೊಬ್ಬ ಗುದ್ದಿ, ಇಂಥದ್ದೇ ಪಿಕಪ್ಪಿನಲ್ಲಿ ಬೆಂಕಿಗೆ ಸಿಕ್ಕಿ ಸತ್ತ 17 ವರ್ಷದ ಹುಡುಗನ ತಂದೆತಾಯಿಗೆ 10.52 ಕೋಟಿ ಡಾಲರ್ ಪರಿಹಾರ ಕೊಡಿ ಅಂತ ಜ್ಯೂರಿ ಜಿಎಂಗೆ ಹೇಳಿತು. ಕಂಪನಿಯ ಕಥೆ ಮುಗೀತು ಅಂತಲೇ ಎಲ್ಲರಿಗೂ ಅನ್ನಿಸಿರಬೇಕು.

ನಾಲ್ಕೇ ದಿನ. ಫೆಬ್ರವರಿ 8ರಂದು ಜಿಎಂ ಪತ್ರಕರ್ತರನ್ನು ಕರೆಯಿತು. ಟೀವಿಯವರು ಗುದ್ದಿಸಿದ್ದ ಪಿಕಪ್‌ಗಳನ್ನು ಕಂಪನಿ ಗುಜರಿಯಿಂದ ಹುಡುಕಿ ತಂದಿತ್ತು. ಅವುಗಳಲ್ಲಿ ಸಿಕ್ಕಿದ ಸಾಕ್ಷ್ಯ ಏನು ಗೊತ್ತಾ? ಗಾಡಿಯ ಕೆಳಗೆ ಆಟದ ರಾಕೆಟ್ಟುಗಳಿಗೆ ಕಿಡಿ ಕೊಡುವ ಸಾಧನವನ್ನು ಕಟ್ಟಿದ್ದರು. ಬೆಂಕಿ ಬಂದೇ ಬರಲಿ ಅಂತ. ನೋಡುಗರಿಗೆ ಅದನ್ನು ಹೇಳಿರಲೇ ಇಲ್ಲ. ಮರುದಿನ ರಾತ್ರಿ ಡೇಟ್‌ಲೈನ್ ನಿರೂಪಕರು ಪರದೆಯ ಮೇಲೆ ಕ್ಷಮೆ ಕೇಳಿದರು. ಮಾರ್ಚಿನಲ್ಲಿ ಎನ್‌ಬಿಸಿ ನ್ಯೂಸ್‌ನ ಮುಖ್ಯಸ್ಥ ಮೈಕೆಲ್ ಗಾರ್ಟ್ನರ್ ರಾಜೀನಾಮೆ ಕೊಟ್ಟರು.

ಪತ್ರಿಕೋದ್ಯಮದ ಕ್ಲಾಸಿನಲ್ಲಿ ಈ ಕಥೆಯನ್ನು ಇವತ್ತಿಗೂ ಹೇಳುತ್ತಾರೆ, ಮತ್ತು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಚಾನೆಲ್ ಸುಳ್ಳು ತೋರಿಸಿತು, ಸಿಕ್ಕಿಬಿತ್ತು, ಕಂಪನಿ ಗೆದ್ದಿತು. ಆದರೆ ಚಾನೆಲ್ಲಿನವರು ಕಿಡಿ ಕಟ್ಟಿದ ಮಾತ್ರಕ್ಕೆ ಟ್ಯಾಂಕು ಹಳಿಯ ಒಳಗೆ ಹೋಗಲಿಲ್ಲ. ಅದು ಇದ್ದಲ್ಲೇ ಇತ್ತು. ನಿಜವಾದ ಅಪಾಯಕ್ಕೆ ಒಂದು ಸುಳ್ಳು ಸಾಕ್ಷಿ ಸೇರಿಸಿದರೆ ಏನಾಗುತ್ತೆ? ಮಾತೆಲ್ಲ ಸುಳ್ಳಿನ ಸುತ್ತ ತಿರುಗುತ್ತೆ, ಅಪಾಯ ಹಿಂದಿನ ಬೆಂಚಿಗೆ ಹೋಗುತ್ತೆ. ಜಾರ್ಜಿಯಾದ ಆ ತೀರ್ಪೂ ಮರುವರ್ಷ ಮೇಲ್ಮನವಿಯಲ್ಲಿ ಬಿದ್ದುಹೋಯಿತು, ವಿಚಾರಣೆಯ ರೀತಿ ಸರಿ ಇರಲಿಲ್ಲ ಅನ್ನುವ ಕಾರಣಕ್ಕೆ. ಕೊನೆಗೆ ಎರಡೂ ಕಡೆಯವರು ರಾಜಿ ಮಾಡಿಕೊಂಡರು.

ಸುರಕ್ಷತಾ ಇಲಾಖೆ ಮಾತ್ರ ತನಿಖೆ ಬಿಡಲಿಲ್ಲ. 1993ರ ಏಪ್ರಿಲ್‌ನಲ್ಲಿ, ನೀವಾಗಿಯೇ ರೀಕಾಲ್ ಮಾಡಿ ಅಂತ ಜಿಎಂಗೆ ಬರೆಯಿತು. ಕಂಪನಿ ಒಪ್ಪಲಿಲ್ಲ. ಅದರ ವಾದ ಎರಡು: ಸರ್ಕಾರದ್ದೇ ಪರೀಕ್ಷೆ ಪಾಸಾಗಿದ್ದೇವೆ; ಮತ್ತೆ, ಎಲ್ಲ ಬಗೆಯ ಅಪಘಾತ ಸೇರಿಸಿ ನೋಡಿದರೆ ನಮ್ಮ ಪಿಕಪ್ ಬೇರೆಯವರಷ್ಟೇ ಸುರಕ್ಷಿತ. ಕೇಳೋದಕ್ಕೆ ಸರಿಯಾಗಿಯೇ ಇದೆ. ಆದರೆ ಪಕ್ಕದಿಂದ ಗುದ್ದಿಸಿಕೊಂಡು, ಮೂಳೆ ಕೂಡ ಮುರಿಯದೆ, ಬೆಂಕಿಯಿಂದ ಸಾಯುವವನಿಗೆ ಆ ಸರಾಸರಿಯಿಂದ ಏನು ಉಪಯೋಗ?

1994ರ ಅಕ್ಟೋಬರ್ 17ರಂದು ಸಾರಿಗೆ ಮಂತ್ರಿ ಫೆಡೆರಿಕೊ ಪೆನ್ಯ ಇಲಾಖೆಯ ಪ್ರಾಥಮಿಕ ತೀರ್ಮಾನ ಪ್ರಕಟಿಸಿದರು. ಈ ಗಾಡಿಗಳಲ್ಲಿ ಸುರಕ್ಷತೆಯ ದೋಷ ಇದೆ. ಪಕ್ಕದಿಂದಾದ ಡಿಕ್ಕಿಯ ಬೆಂಕಿಯಲ್ಲಿ ಸುಮಾರು 150 ಜನ ಸತ್ತಿದ್ದಾರೆ. ಕನಿಷ್ಠ ಮಾನದಂಡ ದಾಟಿದ ಮಾತ್ರಕ್ಕೆ ದೋಷ ಇಲ್ಲ ಅಂತ ಆಗೋದಿಲ್ಲ ಅನ್ನೋದು ಇಲಾಖೆಯ ನಿಲುವು. 35 ಅಂಕ ತಗೊಂಡು ಪಾಸಾದವನನ್ನು ಬುದ್ಧಿವಂತ ಅಂತ ಯಾರೂ ಕರೆಯೋದಿಲ್ಲವಲ್ಲ! ಡಿಸೆಂಬರ್ 6ಕ್ಕೆ ಸಾರ್ವಜನಿಕ ವಿಚಾರಣೆ ಗೊತ್ತಾಯಿತು.

ಆ ವಿಚಾರಣೆ ನಡೆಯಲೇ ಇಲ್ಲ. ಡಿಸೆಂಬರ್ 2ರಂದು ಒಪ್ಪಂದ ಆಗಿಹೋಯಿತು. ಜಿಎಂ 5.1 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ಸುಟ್ಟಗಾಯಗಳ ಸಂಶೋಧನೆ, ಮಕ್ಕಳ ಸುರಕ್ಷತಾ ಸೀಟು, ಕುಡಿದು ಓಡಿಸುವುದರ ವಿರುದ್ಧದ ಪ್ರಚಾರ ಮುಂತಾದವಕ್ಕೆ ಕೊಡುತ್ತೆ. ಸರ್ಕಾರ ಕೇಸು ಮುಚ್ಚುತ್ತೆ. ರೀಕಾಲ್ ಇಲ್ಲ. ಒಂದೇ ಒಂದು ಗಾಡಿಯ ಟ್ಯಾಂಕಿಗೂ ಈ ಒಪ್ಪಂದದಿಂದ ರಕ್ಷಣೆ ಸಿಗಲಿಲ್ಲ.

ಮಂತ್ರಿ ಸೋತದ್ದು ಯಾಕೆ? ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತೆ, ಗೆಲ್ಲುತ್ತೇವೆ ಅನ್ನುವ ಖಾತ್ರಿಯೂ ಇಲ್ಲ, ಈ ಹಣದಿಂದ ಅದಕ್ಕಿಂತ ಹೆಚ್ಚು ಜೀವ ಉಳಿಸಬಹುದು ಅಂತ ಸರ್ಕಾರ ಹೇಳಿತು. ಈಗ ಆ ಎಂಟು ವರ್ಷದ ಸಾಲನ್ನು ನೆನಪಿಸಿಕೊಳ್ಳಿ. 1994ರ ಕೊನೆಯಲ್ಲಿ ರೀಕಾಲ್ ಆದೇಶ ಬಂದಿದ್ದರೂ, ಪುಕ್ಕಟೆ ರಿಪೇರಿಯ ಹಕ್ಕು ಇರುತ್ತಿದ್ದದ್ದು 1986ರ ಕೊನೆಯ ನಂತರ ಕೊಂಡ ಗಾಡಿಗಳಿಗೆ ಮಾತ್ರ. ಸರಣಿಯ ಬಹುಪಾಲು ಮುಗಿದದ್ದೇ 1987ಕ್ಕೆ! ಕೋಟಿ ಗಾಡಿಗಳಲ್ಲಿ ಉಳಿದದ್ದು ಬಾಲದ ತುದಿ. ಕೋರ್ಟಿನಲ್ಲಿ ಇನ್ನೆರಡು ವರ್ಷ ಕಳೆದಿದ್ದರೆ ಅದೂ ಹೆಚ್ಚುಕಡಿಮೆ ಇಲ್ಲ. ಕಂಪನಿ ವಾದದಲ್ಲಿ ಗೆಲ್ಲಬೇಕಾಗಿಯೇ ಇರಲಿಲ್ಲ, ಕಾದರೆ ಸಾಕಿತ್ತು. ಹಳೆಯ ಗಾಡಿಗಳು ತುಕ್ಕು ಹಿಡಿದು ಗುಜರಿ ಸೇರುತ್ತವೆ, ಹಕ್ಕುಗಳು ಒಂದೊಂದಾಗಿ ಅವಧಿ ಮೀರುತ್ತವೆ, ಮಂತ್ರಿಗಳು ಬದಲಾಗುತ್ತಾರೆ.

ಮಾಲೀಕರಿಗೆ ಏನೂ ಸಿಗಲಿಲ್ಲವಾ? 1993ರಲ್ಲಿ ಸುಮಾರು 60 ಲಕ್ಷ ಮಾಲೀಕರ ಪರವಾಗಿ ಹೂಡಿದ್ದ ದಾವೆಗಳಲ್ಲಿ ಒಂದು ರಾಜಿಯಾಗಿತ್ತು. ಪ್ರತಿಯೊಬ್ಬರಿಗೂ 1,000 ಡಾಲರಿನ ಕೂಪನ್. ಅದನ್ನು ಬಳಸೋದು ಹೇಗೆ? ಜಿಎಂನದೇ ಹೊಸ ಪಿಕಪ್ ಕೊಳ್ಳುವಾಗ! ನಿಮ್ಮ ಗಾಡಿ ಅಪಾಯಕಾರಿ ಅನ್ನಿಸಿದರೆ ನಮ್ಮಲ್ಲೇ ಇನ್ನೊಂದು ತಗೊಳ್ಳಿ, ಡಿಸ್ಕೌಂಟ್ ಕೊಡ್ತೀವಿ ಅಂದ ಹಾಗೆ. ಹೊಸ ಗಾಡಿ ಕೊಳ್ಳಲು ದುಡ್ಡಿಲ್ಲದ ಬಡವನಿಗೆ ಬರೀ ಕಾಗದ. ವಕೀಲರಿಗೆ ಮಾತ್ರ 95 ಲಕ್ಷ ಡಾಲರ್, ಅದೂ ನಗದು. 1995ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಈ ರಾಜಿಯನ್ನು ತಿರಸ್ಕರಿಸಿತು. ಕೂಪನ್ ಕೊಟ್ಟರೂ ರಸ್ತೆಯ ಮೇಲಿನ ಗಾಡಿಯ ಟ್ಯಾಂಕು ಅಲ್ಲೇ ಇರುತ್ತಲ್ಲ ಅನ್ನುವ ಮಾತೂ ಆ ತೀರ್ಪಿನಲ್ಲಿದೆ.

ಕಾನೂನು ನಿಧಾನವಾಗಿ ಪಾಠ ಕಲಿಯಿತು. ಎಂಟು ವರ್ಷ ಇದ್ದದ್ದು 2000ದಲ್ಲಿ ಹತ್ತಾಯಿತು, 2015ರಲ್ಲಿ ಹದಿನೈದಾಯಿತು. ಆದರೆ ಆ ಹೊತ್ತಿಗೆ ಸೈಡ್ ಸ್ಯಾಡಲ್ ಪಿಕಪ್‌ಗಳು ಹಳೆಯ ಗಾಡಿ ಪ್ರಿಯರ ಶೆಡ್ ಸೇರಿದ್ದವು.

ಇದನ್ನೆಲ್ಲ ನಾವು ಯಾಕೆ ಓದಬೇಕು? ನಮ್ಮಲ್ಲಿ ವಾಹನ ತಯಾರಕರ ಸಂಘ ತಾನಾಗಿ ರೀಕಾಲ್ ಸಂಹಿತೆ ಮಾಡಿಕೊಂಡದ್ದು 2012ರಲ್ಲಿ. ಕಡ್ಡಾಯ ರೀಕಾಲ್ ಮಾಡಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿದ್ದು 2019ರ ಮೋಟಾರು ವಾಹನ ತಿದ್ದುಪಡಿಯಿಂದ, ನಿಯಮಗಳು ಜಾರಿಗೆ ಬಂದದ್ದು 2021ರ ಏಪ್ರಿಲ್ 1ರಿಂದ. ಎಷ್ಟು ದೂರು ಬಂದರೆ ವಿಷಯ ಮುಂದೆ ಹೋಗುತ್ತೆ ಅನ್ನೋದನ್ನು ಆ ಮಾದರಿಯ ಮಾರಾಟದ ಮೇಲೆ ನಿಗದಿ ಮಾಡಿದ್ದಾರೆ. ದಂಡ 1 ಕೋಟಿ ರೂಪಾಯಿವರೆಗೆ. ಮತ್ತೆ ಅದರಲ್ಲೂ ಒಂದು ಸಾಲಿದೆ: ಈ ನಿಯಮ ಏಳು ವರ್ಷದೊಳಗಿನ ಗಾಡಿಗಳಿಗೆ. ಅಮೆರಿಕದವರು ಎಂಟು ವರ್ಷ ಸಾಲದು ಅಂತ ಕಂಡುಕೊಂಡು ಹದಿನೈದಕ್ಕೆ ಏರಿಸಿದ ಮೇಲೆ ನಾವು ಏಳರಿಂದ ಶುರು ಮಾಡಿದ್ದೇವೆ.

ಹಾಗಾಗಿ ಎರಡು ಸಣ್ಣ ಮಾತು. ಗಾಡಿಯಲ್ಲಿ ಏನಾದರೂ ವಿಚಿತ್ರ ದೋಷ ಕಂಡರೆ ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿಕೊಂಡು ಸುಮ್ಮನಾಗಬೇಡಿ, ಲಿಖಿತವಾಗಿ ದೂರು ಕೊಡಿ. ಲೆಕ್ಕಕ್ಕೆ ಬರೋದು ದಾಖಲಾದ ದೂರು ಮಾತ್ರ, ಮತ್ತು ಗಡಿಯಾರ ಗಾಡಿ ಹಳೆಯದಾಗುವುದನ್ನು ಎಣಿಸುತ್ತಲೇ ಇರುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ರೀಕಾಲ್ ಮೆಸೇಜು ಹಳೆಯ ಮಾಲೀಕನ ಫೋನಿಗೆ ಹೋಗಿರಬಹುದು. ಚಾಸಿ ನಂಬರ್ ಹಿಡಿದು ಕಂಪನಿಯ ವೆಬ್‌ಸೈಟಿನಲ್ಲೋ ಸರ್ವೀಸ್ ಸೆಂಟರಿನಲ್ಲೋ ಒಮ್ಮೆ ವಿಚಾರಿಸಿ. ಐದು ನಿಮಿಷದ ಕೆಲಸ. ಆ ಪಿಕಪ್‌ಗಳನ್ನು ಓಡಿಸುತ್ತಿದ್ದವರಿಗೆ ವಿಚಾರಿಸಲಿಕ್ಕೆ ಒಂದು ರೀಕಾಲ್ ಕೂಡ ಇರಲಿಲ್ಲ.